ಪವಾಡದ ಕಥೆ, ಪವಾಡದ ವರದಿ

ಧರ್ಮಶ್ರದ್ಧೆಗೂ ಸುಳ್ಳುವಾರ್ತೆಗೂ ಇರುವ ಸಂಬಂಧವನ್ನು ಕುರಿತು ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಶ್ರದ್ಧೆಯೇ ಸುಳ್ಳಿನ ತವರೆಂದು ವಿಚಾರವಾದಿಗಳಲ್ಲಿ ಕೆಲವರು ಹೇಳುತ್ತಾರೆ. ಶ್ರದ್ಧೆಯ ವಿಷಯದಲ್ಲಿ ಸತ್ಯಾಸತ್ಯದ ಪ್ರಶ್ನೆಯನ್ನೆತ್ತುವುದೇ ಅಪರಾಧವೆಂದು ಆಸ್ತಿಕರಲ್ಲಿ ಕೆಲವರು ಹೇಳುತ್ತಾರೆ. ಪರಸ್ಪರ ವಿರುದ್ಧವಾಗಿ ತೋರುವ ಈ ಎರಡು ಪಕ್ಷಗಳೂ ಒಂದೇ ಪ್ರಮಾದಕ್ಕೆ ಒಳಗಾಗಿವೆಯೆಂದು ನನ್ನ ಮತ. ಪವಾಡದ ಕಥೆ ಬೇರೆ, ಪವಾಡದ ವರದಿ ಬೇರೆ. ಈ ಭೇದವನ್ನು ಇಬ್ಬರೂ ಗಮನಿಸುವುದಿಲ್ಲ. ನಮ್ಮ ಕಾನೂನು ಇದನ್ನು ಒಂದೆಡೆ ಗಮನಿಸಿದೆ, ಇನ್ನೊಂದೆಡೆ ಮರೆತಿದೆ.

ಕನ್ನಡ ವಾಚಕರಿಗೆ ಪರಿಚಿತವಾದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನು ಅರಸನ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಕೊಂಡೆಯರು ದೂರಿದರೆಂದೂ, ಭಂಡಾರವನ್ನು ತೆರೆಸಿ ಎಣಿಸಿದಾಗ ಏನೂ ಕಡಮೆಯಾಗಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ನಾಳೆ ನನ್ನ ಶಾಖೆಯ ಕ್ಯಾಷಿಯರನು ತಿಜೋರಿಯ ಕೊರತೆಗೆ ಇಂಥ ಸಮಾಧಾನವನ್ನು ಹೇಳಿದರೆ ನಾನು ಒಪ್ಪಲಾರೆ. ಆದರೆ ರಗಳೆಯನ್ನೋ ಪುರಾಣವನ್ನೋ ಕೈಗೆತ್ತಿಕೊಂಡಾಗ ಆಡಿಟರನ ಕನ್ನಡಕವನ್ನು ಕಳಚಿಡುತ್ತೇನೆ. ದಾಸೋಹದಿಂದ ಸಂಪತ್ತು ಬರಿದಾಗುವುದಿಲ್ಲವೆಂಬ ನಂಬಿಕೆಗೆ ಆ ಕಥೆಯು ರೂಪ ಕೊಟ್ಟಿದೆ. ಕಲ್ಯಾಣದ ಭಂಡಾರದ ಅಂದಿನ ಶಿಲ್ಕು ಎಷ್ಟಿತ್ತೆಂದು ಅದು ಯಾರಿಗೂ ದೃಢೀಕರಣಪತ್ರ ಬರೆದುಕೊಟ್ಟಿಲ್ಲ. ಅದನ್ನು ಸುಳ್ಳೆನ್ನುವವನು ಕಾವ್ಯವನ್ನರಿಯನು. ಅದನ್ನೇ ಲೆಕ್ಕಪತ್ರವೆನ್ನುವವನು ಲೆಕ್ಕವನ್ನರಿಯನು.

ವರದಿಯ ಮಾತು ಹಾಗಲ್ಲ. 2012ರಲ್ಲಿ ನಮ್ಮ ಮುಂಬಯಿಯ ವಿಲೆ ಪಾರ್ಲೆಯ ಇರ್ಲಾದಲ್ಲಿ, ವೇಲಾಂಕಣಿ ಮಾತೆಯ ಇಗರ್ಜಿಯ ಬಳಿಯಿದ್ದ ಶಿಲುಬೆಯ ವಿಗ್ರಹದಿಂದ ನೀರು ಹನಿಯತೊಡಗಿತು. ಜನರು ಅದನ್ನು ತೀರ್ಥವೆಂದು ಸಂಗ್ರಹಿಸಿದರು. ಭಾರತೀಯ ವಿಚಾರವಾದಿ ಸಂಘದ ಅಧ್ಯಕ್ಷರಾಗಿದ್ದ ಸನಲ್ ಎಡಮರುಕು ಅವರು ಸ್ಥಳಕ್ಕೆ ಬಂದು ಪರೀಕ್ಷಿಸಿ, ಹತ್ತಿರದ ಚರಂಡಿ ಕಟ್ಟಿಕೊಂಡು ನಿಂತ ನೀರು ಗೋಡೆಯ ಸೂಕ್ಷ್ಮರಂಧ್ರಗಳ ಮೂಲಕ ಮೇಲೇರಿ ವಿಗ್ರಹದಲ್ಲಿ ಒಸರುತ್ತಿದೆಯೆಂದು ಹೇಳಿದರು. ದೀಪದ ಬತ್ತಿಯಲ್ಲಿ ಎಣ್ಣೆಯೇರುವುದೂ ಇದೇ ಕ್ರಮದಿಂದ. ದೂರದರ್ಶನದ ಚರ್ಚೆಯಲ್ಲಿ ಅವರು ಅಷ್ಟಕ್ಕೇ ನಿಲ್ಲದೆ, ಕ್ರೈಸ್ತ ಸಭೆಯು ಹಣಕ್ಕಾಗಿ ಪವಾಡಗಳನ್ನು ಹುಟ್ಟಿಸುತ್ತದೆಯೆಂಬರ್ಥದ ಆರೋಪವನ್ನೂ ಮಾಡಿದರು. ಈ ಎರಡನೆಯ ಮಾತಿಗೆ ಬೇರೆಯೇ ಸಾಕ್ಷ್ಯ ಬೇಕು. ನೀರಿನ ಪರೀಕ್ಷೆಯಿಂದ ಅದು ಸಿದ್ಧವಾಗದು. ಪವಾಡವೆಂದು ಒಪ್ಪುವ ಮೊದಲು ದೀರ್ಘವಾದ ವಿಚಾರಣೆ ನಡೆಸುವ ಪದ್ಧತಿ ಕ್ಯಾಥೊಲಿಕ ಸಭೆಯಲ್ಲಿಯೇ ಹಿಂದಿನಿಂದಲೂ ಇದೆಯೆಂಬುದನ್ನೂ ಇಲ್ಲಿ ನೆನೆಯಬೇಕು. ಪೋಲೀಸರಲ್ಲಿ ದೂರುಗಳು ದಾಖಲಾದವು. ಎಡಮರುಕು ಅವರು ಅದೇ ವರ್ಷ ದೇಶವನ್ನು ಬಿಟ್ಟು ಫಿನ್ಲೆಂಡಿಗೆ ಹೋದರು.

ದೂರುಗಳಿಗೆ ಆಧಾರವಾದದ್ದು ಅಂದಿನ ಭಾರತೀಯ ದಂಡಸಂಹಿತೆಯ 295ಎ ಕಲಮು. ಇದರ ಜನ್ಮವೃತ್ತಾಂತವು ಮನನೀಯವಾಗಿದೆ. 1924ರಲ್ಲಿ ಲಾಹೋರಿನಲ್ಲಿ ಪ್ರವಾದಿ ಮಹಮ್ಮದರನ್ನು ಹೀಯಾಳಿಸುವ ‘ರಂಗೀಲಾ ರಸೂಲ್’ ಎಂಬ ಹೊತ್ತಗೆ ಪ್ರಕಟವಾಯಿತು. ಪ್ರಕಾಶಕ ರಾಜಪಾಲನ ಕೃತ್ಯಕ್ಕೆ ಅಂದಿನ ಕಾನೂನು ಅನ್ವಯಿಸದೆಂದು 1927ರಲ್ಲಿ ಅಲ್ಲಿನ ಹೈಕೋರ್ಟು ಅವನನ್ನು ಬಿಡುಗಡೆ ಮಾಡಿತು. ಆ ಕೊರತೆಯನ್ನು ತುಂಬಲು ಅದೇ ವರ್ಷ ಹೊಸ ಕಲಮು ಬಂದಿತು. 1929ರಲ್ಲಿ ರಾಜಪಾಲನು ಕೊಲೆಯಾದನು. ಕೇಂದ್ರ ಶಾಸನಸಭೆಯಲ್ಲಿ ಚರ್ಚೆ ನಡೆದಾಗ, ಇತಿಹಾಸ ಸಂಶೋಧಕರಿಗೂ ಸತ್ಯಾನ್ವೇಷಕರಿಗೂ ಧರ್ಮವನ್ನು ಪ್ರಾಮಾಣಿಕವಾಗಿ ವಿಮರ್ಶಿಸುವವರಿಗೂ ರಕ್ಷಣೆ ಇರಬೇಕೆಂದು ಜಿನ್ನಾ ಅವರು ಹೇಳಿದ್ದರು. ‘ಉದ್ದೇಶಪೂರ್ವಕವಾದ ಮತ್ತು ದ್ವೇಷದಿಂದ ಕೂಡಿದ’ ಎಂಬರ್ಥದ ವಿಶೇಷಣಗಳು ಕಲಮಿನಲ್ಲಿವೆ. 1957ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಮಜೀಲಾಲ ಮೋದಿ ಅವರ ಮೊಕದ್ದಮೆಯಲ್ಲಿ ಈ ವಿಶೇಷಣಗಳನ್ನೇ ಆಧರಿಸಿ ಕಲಮನ್ನು ಎತ್ತಿಹಿಡಿಯಿತು.

ಆದರೂ ಒಂದು ಮುಖ್ಯವಾದ ಮಾತು ಉಳಿದುಬಿಟ್ಟಿದೆ. ಮಾನನಷ್ಟದ ಕಲಮಿನಲ್ಲಿ ಮೊದಲನೆಯ ಅಪವಾದವೇ ಸತ್ಯ: ಹೇಳಿದ್ದು ನಿಜವಾಗಿದ್ದು ಸಾರ್ವಜನಿಕ ಹಿತಕ್ಕಾಗಿ ಇದ್ದರೆ ಅದು ಅಪರಾಧವಲ್ಲ. ಧರ್ಮಭಾವನೆಯ ಕಲಮಿನಲ್ಲಿ ಸತ್ಯದ ಹೆಸರೇ ಇಲ್ಲ. ‘ರಂಗೀಲಾ ರಸೂಲ್’ ಬರೆದವನನ್ನೂ ಚರಂಡಿಯನ್ನು ಪರೀಕ್ಷಿಸಿದವನನ್ನೂ ಅದು ಒಂದೇ ಬಾಗಿಲಲ್ಲಿ ನಿಲ್ಲಿಸುತ್ತದೆ. ದ್ವೇಷವಿತ್ತೋ ಇಲ್ಲವೋ ಎಂಬುದು ವಿಚಾರಣೆಯ ಕೊನೆಗೆ ತಿಳಿಯತಕ್ಕ ವಿಷಯ; ವಾರಂಟಿಲ್ಲದೆ ಬಂಧಿಸುವ ಅಧಿಕಾರವಂತೂ ಪೋಲೀಸರಿಗೆ ಆರಂಭದಲ್ಲಿಯೇ ಇದೆ, ಜಾಮೀನು ಹಕ್ಕಾಗಿ ದೊರೆಯದು. ಮೊಕದ್ದಮೆಯನ್ನು ನ್ಯಾಯಾಲಯವು ಕೈಗೆತ್ತಿಕೊಳ್ಳಲು ಸರಕಾರದ ಪೂರ್ವಾನುಮತಿ ಬೇಕೆಂಬ ನಿಬಂಧನೆಯೇನೋ ಉಂಟು. ಆ ಅನುಮತಿ ಬರುವುದರೊಳಗೆ ಬರೆದವನ ಬಾಯಿ ಕಟ್ಟಿರುತ್ತದೆ.

ಇದೇ ಮಹಾರಾಷ್ಟ್ರದಲ್ಲಿ, 2013ರ ಆಗಸ್ಟಿನಲ್ಲಿ ಪುಣೆಯಲ್ಲಿ ನರೇಂದ್ರ ದಾಭೋಳಕರರ ಕೊಲೆಯಾದ ಮೇಲೆ ಬಂದ ವಾಮಾಚಾರವಿರೋಧಿ ಕಾನೂನನ್ನು ಇದರೊಡನೆ ಹೋಲಿಸಿ ನೋಡಬೇಕು. ಪವಾಡಗಳನ್ನು ಪ್ರದರ್ಶಿಸಿ ಹಣ ಗಳಿಸುವುದನ್ನೂ, ಪವಾಡಗಳ ಪ್ರಚಾರದಿಂದ ಜನರನ್ನು ವಂಚಿಸಿ ಹೆದರಿಸುವುದನ್ನೂ ಅದು ಶಿಕ್ಷಾರ್ಹವೆನ್ನುತ್ತದೆ. ಆದರೆ ಕೀರ್ತನ, ಪ್ರವಚನಗಳನ್ನೂ ದಿವಂಗತ ಸಂತರ ಪವಾಡಗಳನ್ನು ಹೇಳುವುದನ್ನೂ ಅದು ಸ್ಪಷ್ಟವಾಗಿ ಹೊರಗಿಟ್ಟಿದೆ. ಜ್ಞಾನೇಶ್ವರರು ಕೋಣನ ಬಾಯಲ್ಲಿ ವೇದ ಹೇಳಿಸಿದರೆಂಬ ಕಥೆಗೆ ತಡೆಯಿಲ್ಲ. ಕೋಣನನ್ನು ಇಂದು ಮಾತನಾಡಿಸುತ್ತೇನೆಂದು ಕಾಣಿಕೆ ಕಿತ್ತುಕೊಳ್ಳುವವನಿಗೆ ತಡೆಯಿದೆ. ವಿಮರ್ಶಕರು ಮಾಡಬೇಕಾಗಿದ್ದ ಭೇದವನ್ನು ಕಾನೂನು ಬರೆದವರು ಇಷ್ಟು ನಿಚ್ಚಳವಾಗಿ ಮಾಡಿರುವುದು ನನಗೆ ಆಶ್ಚರ್ಯವನ್ನುಂಟುಮಾಡಿತು.

ನಮ್ಮ ಸಂಶೋಧನಕ್ಷೇತ್ರಕ್ಕೆ ಈ ಅವಿವೇಕದಿಂದಾದ ನಷ್ಟ ಸಾಮಾನ್ಯವಾದುದಲ್ಲ. ಡಾ. ಎಂ. ಎಂ. ಕಲಬುರ್ಗಿಯವರು ‘ಮಾರ್ಗ’ದ ಲೇಖನಗಳಲ್ಲಿ ಚೆನ್ನಬಸವಣ್ಣನ ಜನನವನ್ನೂ ನೀಲಾಂಬಿಕೆಯನ್ನೂ ಕುರಿತು ಮಂಡಿಸಿದ ಅಭಿಪ್ರಾಯಗಳನ್ನು ಒತ್ತಡಕ್ಕೊಳಗಾಗಿ 1989ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಆ ಅಭಿಪ್ರಾಯಗಳು ಸರಿಯೋ ತಪ್ಪೋ ಎಂಬುದು ವಚನಗಳು, ಹಸ್ತಪ್ರತಿಗಳು, ಶಾಸನಗಳು ಇವುಗಳ ಬಲದಿಂದ ತೀರ್ಮಾನವಾಗಬೇಕಾಗಿತ್ತು. ಖಂಡನೆ ಬರಬೇಕಾಗಿತ್ತು, ಪ್ರತಿಖಂಡನೆ ಬರಬೇಕಾಗಿತ್ತು. ಬಂದದ್ದು ಹಿಂತೆಗೆತ. ಪರಿಣಾಮವಾಗಿ ಆ ವಾದವು ಸತ್ಯವೆಂದು ಸಿದ್ಧವಾಗಲಿಲ್ಲ, ಅಸತ್ಯವೆಂದೂ ಸಿದ್ಧವಾಗಲಿಲ್ಲ. ಲೇಖನವನ್ನು ಕಣ್ಣಿಂದ ನೋಡದವರ ಬಾಯಲ್ಲಿ ವದಂತಿಯಾಗಿ ಉಳಿಯಿತು. ಶ್ರದ್ಧೆಯನ್ನು ಕಾಯುವ ಹೆಸರಿನಲ್ಲಿ ಸುಳ್ಳುವಾರ್ತೆಗೆ ಗೊಬ್ಬರ ಹಾಕಿದಂತಾಯಿತು. 2015ರ ಆಗಸ್ಟ್ 30ರಂದು ಕಲಬುರ್ಗಿಯವರನ್ನು ಧಾರವಾಡದ ಅವರ ಮನೆಯಲ್ಲಿ ಗುಂಡಿಟ್ಟು ಕೊಂದರು. ತಮ್ಮ ವಾದವನ್ನು ನಿರ್ಭಯವಾಗಿ ಪುನಃ ಪರಿಶೀಲಿಸಬಲ್ಲ ಪಂಡಿತರೇ ಇಲ್ಲವಾದರು.

ಪಿ. ವಿ. ನಾರಾಯಣ ಅವರ ‘ಧರ್ಮಕಾರಣ’ದ ಗತಿ ಇನ್ನೂ ವಿಚಿತ್ರ. ಅದು ಕಾದಂಬರಿ. ಅಕ್ಕನಾಗಮ್ಮ, ಚೆನ್ನಬಸವಣ್ಣರ ಚಿತ್ರಣದಿಂದ ಭಕ್ತರ ಮನಸ್ಸು ನೊಂದಿತೆಂದು ಕರ್ನಾಟಕ ಸರಕಾರವು 1997ರಲ್ಲಿ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಕಾದಂಬರಿ ಉತ್ತಮವೋ ಅಧಮವೋ ಎಂಬುದು ಬೇರೆ ಪ್ರಶ್ನೆ. ಪ್ರಸಾದದಿಂದ ಚೆನ್ನಬಸವಣ್ಣನು ಜನಿಸಿದನೆಂಬ ಪುರಾಣಕಥೆಗೆ ನಾವು ಸಲ್ಲಿಸುವ ಸೌಲಭ್ಯವನ್ನು, ಕಥೆಯನ್ನು ಕಥೆಯೆಂದು ಓದುವ ಸೌಲಭ್ಯವನ್ನು, ಕಾದಂಬರಿಕಾರನಿಗೆ ಮಾತ್ರ ಏಕೆ ನಿರಾಕರಿಸಬೇಕು? ಅವನ ಕಲ್ಪನೆಯನ್ನು ವರದಿಯೆಂದು ಓದಿ ನೊಂದುಕೊಂಡವರ ನೋವು ನಿಜವಾದುದೇ ಇರಬಹುದು. ಅಂಥ ನೋವನ್ನು ಅಳೆಯುವ ಮಾನ ಯಾವ ನ್ಯಾಯಾಲಯದಲ್ಲಿಯೂ ಇಲ್ಲ. ಸಾಕ್ಷ್ಯವನ್ನು ಅಳೆಯುವ ಮಾನ ಇದೆ.

ವಾಕ್‌ಸ್ವಾತಂತ್ರ್ಯವೆಂದರೆ ಪರಧರ್ಮದ ಮೇಲೆ ಸುಳ್ಳುಗಳನ್ನು ಕಟ್ಟಿ ಊರಿಗೆ ಬೆಂಕಿಯಿಡುವ ಪರವಾನಗಿಯೆಂದು ಯಾರೂ ಈ ಲೇಖನವನ್ನು ಅರ್ಥಮಾಡಬಾರದು. ಅಂಥವನಿಗೆ ಶಿಕ್ಷೆಯಾಗಲಿ, ಅವನಿಗೆ ಸತ್ಯದ ಅಪವಾದದಿಂದ ಏನೂ ಲಾಭವಾಗದು. ಅದರ ಲಾಭ ಸಂಶೋಧಕನದು. 2024ರ ಜುಲೈ 1ರಿಂದ ಹಳೆಯ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಮಾನನಷ್ಟದ ಕಲಮು ಅದರಲ್ಲಿ ತನ್ನ ಅಪವಾದಗಳೊಡನೆ 356ನೆಯದಾಗಿ ಮುಂದುವರಿದಿದೆ. 295ಎ ಈಗ 299 ಆಗಿದೆ. ಅದರಲ್ಲಿ ವಿದ್ಯುನ್ಮಾನ ಸಾಧನಗಳ ಉಲ್ಲೇಖ ಹೊಸದಾಗಿ ಸೇರಿದೆ. ಸತ್ಯಕ್ಕಾಗಿಯೂ ಪ್ರಾಮಾಣಿಕ ಸಂಶೋಧನೆಗಾಗಿಯೂ ಒಂದು ಅಪವಾದವನ್ನು ಬರೆಯಲು ಆಗ ಅವಕಾಶವಿತ್ತು, ಬರೆಯಲಿಲ್ಲ.