ಚೀನೀ ಸಣ್ಣಕತೆ: ನಿತ್ಯ ಬದುಕಿನ ಲೆಕ್ಕ ಮತ್ತು ಅನುವಾದದ ಹೊಣೆ

ಆಧುನಿಕ ಚೀನೀ ಸಣ್ಣಕತೆಗಳನ್ನು ಅನುವಾದದಲ್ಲಿ ಓದುವಾಗ ಅವುಗಳನ್ನು ಸಾಮಾಜಿಕ ದಾಖಲೆಗಳೆಂದು ಪರಿಗಣಿಸುವ ಪ್ರವೃತ್ತಿ ಪ್ರಬಲವಾಗಿದೆ. ಅರಸೊತ್ತಿಗೆಯ ಪತನ, ಭೂಸುಧಾರಣೆ, ಸಾಂಸ್ಕೃತಿಕ ಕ್ರಾಂತಿ, ಮಾರುಕಟ್ಟೆ ಸುಧಾರಣೆ ಎಂಬ ಘಟ್ಟಗಳಿಗೆ ಒಂದೊಂದು ಕತೆಯನ್ನು ಉದಾಹರಣೆಯಾಗಿ ಹೊಂದಿಸುವುದು ಈ ಓದಿನ ಕ್ರಮ. ಆದರೆ ಈ ಪರಂಪರೆಯ ಮಹತ್ವದ ಕತೆಗಳಲ್ಲಿ ಚರಿತ್ರೆಯು ಮನೆವಾರ್ತೆಯ ಲೆಕ್ಕಾಚಾರದ ಮೂಲಕವೇ ಪ್ರವೇಶಿಸುತ್ತದೆ.

ಲೂ ಶುನ್ (1881–1936) 1919ರಲ್ಲಿ ಪ್ರಕಟಿಸಿದ ‘ಕೊಂಗ್ ಯಿಜಿ’ಯ ನಾಯಕ, 1905ರಲ್ಲಿ ರದ್ದಾದ ಅರಸೊತ್ತಿಗೆಯ ಪರೀಕ್ಷಾ ವ್ಯವಸ್ಥೆಯ ಕೆಳಗಿನ ಮೆಟ್ಟಿಲನ್ನೂ ಏರಲಾಗದ ಪಂಡಿತ. ನಿಲುವಂಗಿ ತೊಟ್ಟವರು ಒಳಗೆ ಕುಳಿತು, ಕೂಲಿಗಳು ಹೊರಗೆ ನಿಂತು ಕುಡಿಯುವ ಹೆಂಡದಂಗಡಿಯಲ್ಲಿ, ನಿಲುವಂಗಿ ತೊಟ್ಟು ನಿಂತು ಕುಡಿಯುವವನು ಇವನೊಬ್ಬನೇ. ಅವನ ಸಾವನ್ನು ಯಾರೂ ಕಂಡಿಲ್ಲ. ಹಲಗೆಯ ಮೇಲಿನ 19 ಕಾಸಿನ ಬಾಕಿಯನ್ನು ಹಬ್ಬದಿಂದ ಹಬ್ಬಕ್ಕೆ ನೆನೆಯುತ್ತಿದ್ದ ಅಂಗಡಿಯವನು ಒಂದು ಹಬ್ಬದಂದು ಸುಮ್ಮನಾಗುತ್ತಾನೆ. ಒಂದು ವರ್ಗದ ಅವಸಾನಕ್ಕೆ ಕತೆಯಲ್ಲಿರುವ ಸಾಕ್ಷ್ಯ ಇಷ್ಟೇ.

ಗಾವ್ ಶಿಯಾವ್‌ಶೆಂಗ್ 1979ರಲ್ಲಿ ಬರೆದ, ಲಿ ಶುಂಡಾ ಎಂಬ ರೈತ ಮನೆ ಕಟ್ಟುವ ಕತೆಯಲ್ಲಿ ಈ ಅಳತೆ ಇಟ್ಟಿಗೆಯದು. ಭೂಸುಧಾರಣೆಯ ಕಾಲದಲ್ಲಿ ಸಂಕಲ್ಪಿಸಿದ ಮೂರು ಕೋಣೆಯ ಮನೆಗೆ ಕೂಡಿಟ್ಟ ಸಾಮಗ್ರಿಯು 1958ರ ‘ಮಹಾ ಜಿಗಿತ’ದಲ್ಲಿ ಸಮುದಾಯದ ಪಾಲಾಗುತ್ತದೆ. ಕೊನೆಗೆ ಮನೆ ಏಳುವುದು ಕಾಣಿಕೆ ಸಲ್ಲಿಸಿದ ಮೇಲೆ. ಲಿಯೂ ಝೆನ್‌ಯುನ್ 1991ರಲ್ಲಿ ಪ್ರಕಟಿಸಿದ, ‘ನೆಲದ ತುಂಬ ಕೋಳಿಪುಕ್ಕ’ ಎಂಬರ್ಥದ ಶೀರ್ಷಿಕೆಯುಳ್ಳ ನೀಳ್ಗತೆಯು ಹಳಸಿದ ತೋಫುವಿನಿಂದಲೇ ಆರಂಭವಾಗುತ್ತದೆ. ಬೆಳಿಗ್ಗೆ ಸಾಲಿನಲ್ಲಿ ನಿಂತು ತಂದ ಪದಾರ್ಥ ಕೆಟ್ಟದ್ದಕ್ಕೆ ಗಂಡಹೆಂಡಿರ ನಡುವೆ ಜಗಳವಾಗುತ್ತದೆ. ಕಚೇರಿ ನೌಕರನಾದ ಈ ಗಂಡನೂ ಮುಂದೆ ಕಾಣಿಕೆ ಸ್ವೀಕರಿಸುವುದನ್ನು ಕಲಿಯುತ್ತಾನೆ. 1989ರಲ್ಲಿ ‘ಝೊಂಗ್‌ಶಾನ್’ ಪತ್ರಿಕೆ ಮುಂದಿಟ್ಟ ‘ನವ ವಾಸ್ತವವಾದ’ದ ಪ್ರಾತಿನಿಧಿಕ ಕೃತಿಯಿದು. ರೈತನಿಗೆ ಕಾಣಿಕೆ ಕೊಟ್ಟದ್ದರ ಮುಜುಗರವಾದರೂ ಉಳಿದಿತ್ತು. ನೌಕರನಲ್ಲಿ ಅದು ಕರಗುತ್ತ ಬರುತ್ತದೆ. ಬದಲಾವಣೆಯ ನಿಜವಾದ ಇತಿಹಾಸ ಈ ಅಂತರದಲ್ಲಿದೆ.

ಇಷ್ಟು ಸೂಕ್ಷ್ಮವಾದ ಅಳತೆಗಳು ಅನುವಾದದಲ್ಲಿ ಉಳಿಯುವುವೇ ಎಂಬುದು ಮುಖ್ಯ ಪ್ರಶ್ನೆ. ಪುಸ್ತಕ ಕದ್ದು ಸಿಕ್ಕಿಬಿದ್ದ ಕೊಂಗ್ ಯಿಜಿ, ಆಡುನುಡಿಯ ‘ಕಳವು’ ಎಂಬ ಮಾತನ್ನು ನಿರಾಕರಿಸಿ, ಅದೇ ಅರ್ಥದ ಪ್ರಾಚೀನ ಗ್ರಾಂಥಿಕ ಪದವೊಂದನ್ನು ಮುಂದಿಡುತ್ತಾನೆ. ಯಾಂಗ್ ಶಿಯಾನ್‌ಯಿ ಮತ್ತು ಗ್ಲ್ಯಾಡಿಸ್ ಯಾಂಗ್ ಅವರ ಪ್ರಸಿದ್ಧ ಇಂಗ್ಲಿಷ್ ಅನುವಾದದಲ್ಲಿ ಇದು ‘ತೆಗೆದುಕೊಳ್ಳುವುದು’ ಮತ್ತು ‘ಕದಿಯುವುದು’ ಎಂಬ ಭೇದವಾಗಿದೆ. ಅರ್ಥ ಸ್ಪಷ್ಟವಾಗುತ್ತದೆ, ಆದರೆ ಪಾಂಡಿತ್ಯದ ಹಾಸ್ಯಾಸ್ಪದ ಗತ್ತು ಮರೆಯಾಗಿ ಕೇವಲ ನುಣುಚಿಕೊಳ್ಳುವ ಮಾತು ಉಳಿಯುತ್ತದೆ.

ಕನ್ನಡಕ್ಕೆ ಇಲ್ಲೊಂದು ಅನುಕೂಲವಿದೆ. ‘ಪುಸ್ತಕ ಕದ್ದೆ’ ಎಂಬ ಆರೋಪಕ್ಕೆ ‘ಗ್ರಂಥಾಪಹರಣ’ ಎಂದು ಉತ್ತರಿಸುವ ಪಾತ್ರವನ್ನು ಕನ್ನಡ ಓದುಗ ಕೂಡಲೇ ಗುರುತಿಸಬಲ್ಲ. ಸಂಸ್ಕೃತ ಪದಕ್ಕೂ ದೇಸಿ ಮಾತಿಗೂ ನಡುವಣ ಸಾಮಾಜಿಕ ದೂರ ಅವನಿಗೆ ಪರಿಚಿತ. ಇಂಗ್ಲಿಷನ್ನಷ್ಟೇ ಆಧರಿಸುವ ಅನುವಾದಕ ಈ ಅನುಕೂಲವನ್ನು ಕಳೆದುಕೊಳ್ಳುತ್ತಾನೆ; ಏಕೆಂದರೆ ಅವನ ಮುಂದಿರುವ ಪಠ್ಯದಲ್ಲಿ ಆ ದೂರವೇ ಅಳಿಸಿಹೋಗಿರುತ್ತದೆ.

ಆದ್ದರಿಂದ ಚೀನೀ ಕತೆಗಳ ಕನ್ನಡ ಅನುವಾದಕ್ಕೆ ಮೂಲಭಾಷೆಯ ಸಂಪರ್ಕ ಕೇವಲ ಪ್ರಾಮಾಣ್ಯದ ಪ್ರಶ್ನೆಯಲ್ಲ. ಕಥಾಸಾರವು ಇಂಗ್ಲಿಷಿನ ಮೂಲಕವೂ ದೊರೆಯುತ್ತದೆ. ಕಾಸು, ಇಟ್ಟಿಗೆ, ತೋಫುಗಳ ಜೊತೆಗೆ ಅವುಗಳನ್ನು ಎಣಿಸುವವರ ಮಾತಿನ ಅಂತಸ್ತೂ ಕನ್ನಡಕ್ಕೆ ಬರಬೇಕಾದರೆ ಮೂಲದ ಕಡೆಗೇ ತಿರುಗುವುದು ಅನಿವಾರ್ಯ.