ಬಿದಿರಿನ ರೆಕ್ಕೆಯ ಬಂಕಾ

ಫಿಲಿಪ್ಪೀನ್ಸಿನ ಪಂಗಾಸಿನಾನ್ ಪ್ರಾಂತ್ಯದ ‘ನೂರು ದ್ವೀಪ’ಗಳನ್ನು ಮನೆಮಂದಿಯೆಲ್ಲ ಸುತ್ತಬೇಕೆಂದರೆ ಲುಕಾಪ್ ದಕ್ಕೆಯಲ್ಲಿ ಬಂಕಾ ಹತ್ತಬೇಕು. ದ್ವೀಪಗಳು ಚೆಂದ, ನಿಜ. ನನ್ನ ಮನಸ್ಸು ಸೋತದ್ದು ಈ ದೋಣಿಗೆ. ಒಡಲು ಕಿರಿದು, ಉದ್ದ. ಅಷ್ಟೇ ಇದ್ದಿದ್ದರೆ ಮಗುವೊಂದು ಅತ್ತಿತ್ತ ಸರಿದರೂ ಓಲಾಡಿಬಿಡುತ್ತಿತ್ತು. ಅದಕ್ಕೇ ಎರಡೂ ಬದಿಗೆ ಅಡ್ಡಮರ ಚಾಚಿ, ತುದಿಗೆ ಉದ್ದುದ್ದ ಬಿದಿರನ್ನು ನೈಲಾನ್ ದಾರದಿಂದ ಸುತ್ತಿ ಸುತ್ತಿ ಬಿಗಿದಿರುತ್ತಾರೆ. ದೋಣಿ ವಾಲಿದ ಕಡೆಯ ಬಿದಿರು ನೀರಿಗಿಳಿಯುತ್ತದೆ. ಗಂಟುಗಳ ನಡುವೆ ಗಾಳಿ ತುಂಬಿರುವುದರಿಂದ ಮುಳುಗಲೊಲ್ಲದೆ ಮೇಲಕ್ಕೊತ್ತುತ್ತದೆ. ಅಜ್ಜಿಯೂ ನಿಶ್ಚಿಂತೆಯಿಂದ ಕೂರುವುದು ಇದರಿಂದಲೇ. ತಳ ಆಳಕ್ಕಿಳಿಯದ ಕಾರಣ ಚಿಣ್ಣರು ಆಡುವ ಆಳವಿಲ್ಲದ ನೀರಿನವರೆಗೂ ಬರುತ್ತದೆ. ಉಬ್ಬರದಲ್ಲಿ 123, ಇಳಿತದಲ್ಲಿ 124 ಎಂದು ಎಣಿಸುವ ಈ ದ್ವೀಪಗಳ ಸಂದುಗೊಂದುಗಳಿಗೆ ಇಷ್ಟು ಒಪ್ಪುವ ದೋಣಿ ಇನ್ನೊಂದನ್ನು ನಾನು ಕಾಣೆ.