ಅಣಕದ ಧಾಟಿ

ಹಾಸ್ಯಕ್ಕೆ ಅನೌಚಿತ್ಯವೇ ಕಾರಣವೆಂಬುದು ಅಭಿನವಗುಪ್ತಾಚಾರ್ಯರ ಮತ. ಫ್ರಾನ್ಸಿನ ಸ್ಯಾಂ-ಸಾನ್ಸನು 1886ರಲ್ಲಿ ಎರಡು ಪಿಯಾನೋಗಳಿಗೂ ಇತರ ಕೆಲವು ವಾದ್ಯಗಳಿಗೂ ರಚಿಸಿದ ‘ಪ್ರಾಣಿಗಳ ಉತ್ಸವ’ವು ಇದಕ್ಕೆ ಒಳ್ಳೆಯ ಲಕ್ಷ್ಯ. ಆಫೆನ್‌ಬಾಕನ ದ್ರುತನೃತ್ಯದ ಪ್ರಸಿದ್ಧ ಧಾಟಿಯು ಅಲ್ಲಿ ಆಮೆಗಳ ವಿಳಂಬಗತಿಯಾಗಿರುವುದು. ‘ಪಳೆಯುಳಿಕೆಗಳು’ ಎಂಬ ಭಾಗದಲ್ಲಿ ರೋಸ್ಸೀನಿಯ ಗೀತದೊಡನೆ ಕರ್ತೃವಿನ ಸ್ವಂತ ಹಳೆಯ ಕೃತಿಯೂ ಬೆರೆತಿದೆ. ತನ್ನದನ್ನೂ ಪಳೆಯುಳಿಕೆಯೆಂದೆಣಿಸಿದ ಈ ವಿನೋದವು ಮೆಚ್ಚತಕ್ಕದ್ದೇ ಸರಿ. ಆದರೆ ಮೂಲವನ್ನರಿಯದ ಶ್ರೋತೃವಿಗೆ ಆಮೆಯ ಧಾಟಿಯು ಬರಿಯ ಮಂದಗೀತವಾಗಿ ಉಳಿಯುವುದು. ಅನೌಚಿತ್ಯವು ತೋರದ ಕಡೆ ಹಾಸ್ಯವೆಲ್ಲಿಯದು? ಈ ಕೊರತೆಯನ್ನು ಬೆಂಗಳೂರಿನ ಟಿ. ಪಿ. ಕೈಲಾಸಂ (1884–1946) ಬೇರೊಂದು ಬಗೆಯಿಂದ ನೀಗಿದರು. 1912ರ ‘ಟಿಪ್ಪರರಿ’ಯೆಂಬ ಆಂಗ್ಲಗೀತದ ಧಾಟಿಯನ್ನು ತಿಪ್ಪಾರಹಳ್ಳಿಗೆ ತಿರುಗಿಸುವಾಗ ನಗೆಯ ಭಾರವನ್ನೆಲ್ಲ ಮಾತಿನ ಮೇಲಿರಿಸಿದರು. ಟಿಪ್ಪರರಿಯ ಹೆಸರನ್ನೇ ಕೇಳದವರೂ ಆ ಹಾಡಿಗೆ ನಗುವರು.